ಸಾಯದ ಮೀನಿನಲ್ಲಿ ಏನನ್ನು ನೋಡಬೇಕು: ಕಾಗದ ಕಾರ್ಖಾನೆಯ ತ್ಯಾಜ್ಯನೀರು ಮತ್ತು ಕರಾವಳಿಯ ಹೊಳೆಗಳು

ಸ್ವರ್ಣಾ ತೀರ

ಉಡುಪಿ ಕಡೆಯ ನಮ್ಮ ಊರಿನಲ್ಲಿ, ಹೊಳೆಯ ಮೇಲ್ಭಾಗಕ್ಕೆ ಹಳೆ ಕಾಗದವನ್ನು ಕರಗಿಸಿ ರಟ್ಟು ತಯಾರಿಸುವ ಸಣ್ಣ ಘಟಕವೊಂದು ಬರಲಿದೆ ಎಂಬ ಮಾತು ಕೆಲವು ಸಮಯದಿಂದ ಕೇಳಿಬರುತ್ತಿದೆ. ಅದು ಬರಬೇಕೋ ಬಾರದೋ ಎಂಬ ಚರ್ಚೆಗಾಗಿ ನಾನು ಇದನ್ನು ಬರೆಯುತ್ತಿಲ್ಲ; ಆ ಚರ್ಚೆ ಗ್ರಾಮಸಭೆಯಲ್ಲಿ ಆಗಲಿ. ಸಂಸ್ಕರಿಸಿ ಬಿಡುವ ನೀರಿನಲ್ಲಿ ಕೊಳೆಯ ಒಂದು ಅಳತೆಯಾದ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಮೀರುವುದಿಲ್ಲ, ಹಾಗಾಗಿ ಮೀನುಗಳಿಗೆ ಏನೂ ಆಗದು ಎಂದು ನಮಗೆ ಹೇಳುತ್ತಿದ್ದಾರೆ. ಮೊದಲನೆಯ ಮಾತು ನಿಜವೇ ಆದರೂ ಅದರಿಂದ ಎರಡನೆಯದು ಸಿದ್ಧವಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ಘಟಕ ಬಂದರೆ ಹೊಳೆಯ ಜೀವಿಗಳ ಮೇಲೆ ಕಣ್ಣಿಡುವುದು ಹೇಗೆ, ಯಾವ ಕಾಲದಲ್ಲಿ, ಯಾವುದನ್ನು ಅಳೆಯಬೇಕು ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕೆಳಗಿನ ಊರುಗಳಲ್ಲಿ ಮರುವಾಯಿ ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಜೀವನ ಸಾಗಿಸುವ ಮನೆಗಳಿವೆ. ಅವರ ಪರವಾಗಿಯೂ ಕೇಳುತ್ತಿದ್ದೇನೆ.

ಎಕ್ಕೂರಿನ ಹಳೆ ವಿದ್ಯಾರ್ಥಿ

ಸಿದ್ಧವಾಗುವುದಿಲ್ಲ. ಏಕೆಂದರೆ ಬಿಒಡಿ ಎನ್ನುವುದು ನೀರಿನಲ್ಲಿರುವ, ಬೇಗನೆ ಕೊಳೆಯಬಲ್ಲ ವಸ್ತುಗಳು ಎಷ್ಟು ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ ಎಂಬುದರ ಅಳತೆ ಮಾತ್ರ. ನಮ್ಮ ದೇಶದಲ್ಲಿ ಅದನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇರಿಸಿ ನೋಡುತ್ತಾರೆ. ಆ ಮೂರು ದಿನಗಳಲ್ಲಿ ಕೊಳೆಯದ ವಸ್ತು ಆ ಅಂಕಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮರದಿಂದ ತಿರುಳು ತೆಗೆಯುವ ಕಾರ್ಖಾನೆಯ ನೀರಿಗೆ ಕಂದು ಬಣ್ಣ ಕೊಡುವ ಲಿಗ್ನಿನ್ ಅಂಥದ್ದು. ಮರದ ರಾಳಾಮ್ಲಗಳ ಮತ್ತು ಸಸ್ಯ ಸ್ಟೆರಾಲ್‌ಗಳ ವಿಷಬಾಧೆಯನ್ನೂ ಬಿಒಡಿ ಹೇಳಲಾರದು. ಕ್ಲೋರಿನ್ ಬಳಸಿ ಬಿಳುಪು ಮಾಡಿದಾಗ ಹುಟ್ಟುವ ಕ್ಲೋರಿನ್‌ಯುಕ್ತ ಸಾವಯವಗಳಿಗೆ ಎಒಎಕ್ಸ್ ಎಂಬ ಪ್ರತ್ಯೇಕ ಅಳತೆಯೇ ಬೇಕು. 2003ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಉದ್ಯಮಗಳೊಂದಿಗೆ ಒಪ್ಪಿಕೊಂಡ ಸನ್ನದಿನಲ್ಲಿ ದೊಡ್ಡ ಕಾಗದ ಕಾರ್ಖಾನೆಗಳ ಎಒಎಕ್ಸ್ ಅನ್ನು ಮೊದಲು ಟನ್ನು ಕಾಗದಕ್ಕೆ 1.5 ಕಿಲೋಗ್ರಾಂಗೆ, ಆಮೇಲೆ 1 ಕಿಲೋಗ್ರಾಂಗೆ ಇಳಿಸಬೇಕೆಂದು ಗುರಿ ಇರಿಸಿದ್ದು ಇದೇ ಕಾರಣಕ್ಕೆ.

ಕಾಗದ ಕಾರ್ಖಾನೆಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನೂ ಗಮನಿಸಬೇಕು. ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್‌ನಲ್ಲಿ ಬೇಯಿಸುವ ಕ್ರಾಫ್ಟ್ ವಿಧಾನದ ಕಾರ್ಖಾನೆಯಲ್ಲಿ, ಬೇಯಿಸಿದ ಮೇಲೆ ಉಳಿಯುವ ಕಪ್ಪು ದ್ರಾವಣದ ನಿರ್ವಹಣೆಯೇ ದೊಡ್ಡ ವಿಷಯ. ನಿಮ್ಮಲ್ಲಿಗೆ ಬರಲಿರುವಂಥ ಹಳೆ ಕಾಗದದ ಘಟಕದಲ್ಲಿ ಅದಿಲ್ಲ; ಅಲ್ಲಿ ಪಿಷ್ಟ, ಅಂಟು, ಶಾಯಿ, ಪ್ಲಾಸ್ಟಿಕ್ ಚೂರು, ಸಣ್ಣ ನಾರು ಇವುಗಳ ಹೊರೆ ಇರುತ್ತದೆ. ಅಂಗಡಿಯ ಬಿಲ್ಲಿಗೆ ಬಳಸುವ ಥರ್ಮಲ್ ಕಾಗದ ಸೇರಿಕೊಂಡರೆ ಬಿಸ್ಫಿನಾಲ್-ಎ ಸಹ ನೀರಿಗೆ ಬರುತ್ತದೆ, ಅದು ಹಾರ್ಮೋನುಗಳ ಕೆಲಸದಲ್ಲಿ ಕೈಹಾಕುವ ವಸ್ತು. ಆದ್ದರಿಂದ ಘಟಕದವರನ್ನು ಮೊದಲು ಕೇಳಬೇಕಾದದ್ದು ಯಾವ ಕಚ್ಚಾವಸ್ತು, ಶಾಯಿ ತೆಗೆಯುವ ಹಂತ ಉಂಟೇ, ಬಿಳುಪು ಮಾಡುವುದುಂಟೇ, ಎಷ್ಟು ನೀರನ್ನು ಒಳಗೇ ಸುತ್ತಿಸುತ್ತಾರೆ ಎಂಬುದನ್ನು.

ಕಾನೂನಿನಲ್ಲಿ ಮೀನಿನ ಪರೀಕ್ಷೆ ಇಲ್ಲವೆಂದಲ್ಲ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ, ದುರ್ಬಲಗೊಳಿಸದ ತ್ಯಾಜ್ಯನೀರಿನಲ್ಲಿ 96 ಗಂಟೆ ಇರಿಸಿದ ಮೀನುಗಳಲ್ಲಿ ಶೇ. 90ರಷ್ಟು ಬದುಕಿರಬೇಕು. ಇದು ಒಳ್ಳೆಯ ನಿಯಮ, ಆದರೆ ಇದು ಉತ್ತರಿಸುವ ಪ್ರಶ್ನೆ ಮೀನು ನಾಲ್ಕು ದಿನದಲ್ಲಿ ಸಾಯುತ್ತದೆಯೇ ಎಂಬುದಷ್ಟೇ. ಹೊಳೆಯ ಮೀನು ವರ್ಷಗಟ್ಟಲೆ ಅದೇ ನೀರಿನಲ್ಲಿ ಇರುತ್ತದೆ. ಕಾಗದ ಕಾರ್ಖಾನೆಗಳ ಬಗ್ಗೆ ಜಗತ್ತು ಕಲಿತ ಮುಖ್ಯ ಸಂಗತಿ ಎಂದರೆ, ಸಾಯದೆ ಉಳಿದ ಮೀನಿನ ಒಳಗೆ ಏನಾಗಿದೆ ಎಂಬುದನ್ನು ನೋಡದಿದ್ದರೆ ಹೊಳೆಯ ಸ್ಥಿತಿ ನಮಗೆ ತಿಳಿಯುವುದೇ ಇಲ್ಲ.

ಭದ್ರೆಯಿಂದ ಬಂದವ

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಈಗ ಇರುವುದು ಸುರತ್ಕಲ್‌ನಲ್ಲಿ. 1936ರಲ್ಲಿ ಸ್ಥಾಪನೆಯಾದ ಅಲ್ಲಿನ ಕಾಗದ ಕಾರ್ಖಾನೆ ನಮ್ಮ ಊರಿಗೆ ಅನ್ನ ಕೊಟ್ಟಿತು, ಅದನ್ನು ಮರೆತು ಮಾತಾಡಲು ನನಗೆ ಮನಸ್ಸಿಲ್ಲ. ಆದರೂ ಒಂದು ವಿಷಯವನ್ನು ಇಲ್ಲಿ ಇಡಲೇಬೇಕು. ಅದೇ ಊರಿನಲ್ಲಿ ಉಕ್ಕಿನ ಕಾರ್ಖಾನೆಯೂ ಇತ್ತು, ಪಟ್ಟಣದ ಚರಂಡಿಯೂ ಹೊಳೆಗೆ ಸೇರುತ್ತಿತ್ತು, ಗದ್ದೆಗಳ ಗೊಬ್ಬರವೂ ಬರುತ್ತಿತ್ತು. ಕೂಡಲಿಯಲ್ಲಿ ತುಂಗೆಯನ್ನು ಸೇರುವ ಹೊತ್ತಿಗೆ ಭದ್ರೆಯಲ್ಲಿ ಏನೇನು ಕೂಡಿಕೊಂಡಿರುತ್ತದೆ ಎಂದು ಬಿಡಿಸಿ ಹೇಳುವುದು ಕಷ್ಟ. ಹೀಗಿರುವಾಗ ಕೆಳಗೆ ಮೀನು ಕಡಿಮೆಯಾದರೆ ಅದು ಕಾಗದದಿಂದಲೇ ಎಂದು ಹೇಳುವುದು ಯಾವ ಆಧಾರದ ಮೇಲೆ? ಹರಿಹರದ ಬಳಿ ರೇಯಾನ್ ತಿರುಳಿನ ಕಾರ್ಖಾನೆಯ ತ್ಯಾಜ್ಯದ ವಿಷಯವಾಗಿ 1980ರ ದಶಕದಲ್ಲಿ ತುಂಗಭದ್ರೆಯ ದಂಡೆಯಲ್ಲಿ ದೊಡ್ಡ ಹೋರಾಟವೇ ನಡೆದದ್ದನ್ನು ಹಿರಿಯರು ಬಲ್ಲರು. ಕೇರಳದ ಮಾವೂರಿನಲ್ಲಿ ಚಾಲಿಯಾರ್ ನದಿಯ ಮೇಲಿನ ಅಂಥದೇ ಕಾರ್ಖಾನೆಯ ಕಥೆ ಕೊನೆಗೆ ಮುಚ್ಚುವಿಕೆಯಲ್ಲಿ ಮುಗಿಯಿತು. ಈ ಎರಡು ಕಡೆಯೂ ಜನ ಬೀದಿಗೆ ಬಂದದ್ದು ಕೆಡುಕು ಕಣ್ಣಿಗೆ ಕಾಣಿಸಿದ ಮೇಲೆ. ಅದಕ್ಕೂ ಮೊದಲೇ ಪುರಾವೆ ಕೂಡಿಡುವ ಕ್ರಮ ಬೇಕೆಂಬುದು ನನ್ನ ಅಭಿಪ್ರಾಯ.

ಎಕ್ಕೂರಿನ ಹಳೆ ವಿದ್ಯಾರ್ಥಿ

ನೀವು ಕೇಳಿದ ಪ್ರಶ್ನೆಯೇ ಈ ವಿಷಯದ ಹೃದಯ. ಇದಕ್ಕೆ ಅತ್ಯಂತ ವ್ಯವಸ್ಥಿತವಾದ ಉತ್ತರವನ್ನು ಕೆನಡಾ ಕೊಟ್ಟಿದೆ. 1992ರಲ್ಲಿ ಅಲ್ಲಿ ತಿರುಳು ಮತ್ತು ಕಾಗದ ಕಾರ್ಖಾನೆಗಳ ತ್ಯಾಜ್ಯನೀರಿಗೆ ಹೊಸ ನಿಯಮ ಬಂತು. ಅದರ ಜೊತೆಗೇ, ಮಿತಿಗಳನ್ನು ಪಾಲಿಸಿದ ಮೇಲೂ ಹೊಳೆಯ ಜೀವಿಗಳಿಗೆ ಏನಾಗುತ್ತಿದೆ ಎಂದು ಪ್ರತಿಯೊಂದು ಕಾರ್ಖಾನೆಯೂ ಕೆಲವು ವರ್ಷಗಳಿಗೊಮ್ಮೆ ಅಧ್ಯಯನ ಮಾಡಿಸಬೇಕೆಂಬ ಕಟ್ಟಳೆಯನ್ನೂ ಮಾಡಿದರು. ತ್ಯಾಜ್ಯ ಸೇರುವ ಜಾಗದ ಮೀನುಗಳನ್ನು ತ್ಯಾಜ್ಯ ತಲುಪದ ಹೋಲಿಕೆಯ ಜಾಗದ ಮೀನುಗಳ ಜೊತೆ ಇಟ್ಟು ನೋಡುತ್ತಾರೆ. ಎರಡು ಜಾತಿಯ ಮೀನುಗಳನ್ನು ಆರಿಸಿ, ಪ್ರತಿ ಜಾಗದಲ್ಲೂ ಪ್ರತಿ ಜಾತಿಯ 20 ಗಂಡು, 20 ಹೆಣ್ಣು ಬೆಳೆದ ಮೀನುಗಳನ್ನಾದರೂ ಹಿಡಿಯಬೇಕೆಂಬುದು ಅಲ್ಲಿನ ಸಲಹೆ.

ಆಮೇಲಿನ ಕೆಲಸ ಮೇಜಿನ ಮೇಲೆ. ಮೀನಿನ ಉದ್ದ ಮತ್ತು ತೂಕ ಬರೆದುಕೊಂಡು, ಹೊಟ್ಟೆ ಸೀಳಿ, ಯಕೃತ್ತನ್ನು ಪಿತ್ತಚೀಲ ಒಡೆಯದಂತೆ ಬಿಡಿಸಿ ಒಮ್ಮೆ, ಅಂಡಾಶಯ ಅಥವಾ ವೃಷಣವನ್ನು ಇನ್ನೊಮ್ಮೆ ತೂಗುತ್ತಾರೆ. ತಲೆಯೊಳಗಿನ ಕಿವಿಗಲ್ಲನ್ನು ಚಿಮುಟದಿಂದ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರೆ ಅದರ ಉಂಗುರಗಳಿಂದ ವಯಸ್ಸು ತಿಳಿಯುತ್ತದೆ. ವಯಸ್ಸು ಗೊತ್ತಿಲ್ಲದೆ ಉದ್ದ-ತೂಕಗಳಿಗೆ ಅರ್ಥ ಕಡಿಮೆ. ಎರಡು ಜಾಗಗಳ ನಡುವೆ ಮೈತೂಕಕ್ಕೆ ಹೋಲಿಸಿದ ಅಂಡಾಶಯದ ಅಥವಾ ಯಕೃತ್ತಿನ ತೂಕದಲ್ಲಿ ಶೇ. 25ರ ವ್ಯತ್ಯಾಸ, ಮೈಕಟ್ಟಿನಲ್ಲಿ, ಅಂದರೆ ಉದ್ದಕ್ಕೆ ತಕ್ಕ ತೂಕದಲ್ಲಿ, ಶೇ. 10ರ ವ್ಯತ್ಯಾಸ ಕಂಡರೆ ಅದನ್ನು ಗಂಭೀರವೆಂದು ಪರಿಗಣಿಸಿ, ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಂಡು, ಕಾರಣ ಹುಡುಕುವ ಹಂತಕ್ಕೆ ಹೋಗುತ್ತಾರೆ.

ಅಲ್ಲಿ ಮತ್ತೆಮತ್ತೆ ಕಂಡುಬಂದ ಚಿತ್ರ ನನ್ನನ್ನು ಬಹಳ ಕಾಡಿದೆ. ಕೆಳಹರಿವಿನ ಮೀನು ಮೈತುಂಬಿಕೊಂಡಿರುತ್ತದೆ, ಅದರ ಯಕೃತ್ತು ದೊಡ್ಡದಾಗಿರುತ್ತದೆ, ಅಂಡಾಶಯ ಮಾತ್ರ ಸಣ್ಣದು. ತ್ಯಾಜ್ಯದ ಪೋಷಕಾಂಶಗಳಿಂದ ಆಹಾರ ಹೆಚ್ಚುತ್ತದೆ, ಆದರೆ ತಿಂದದ್ದು ಮೊಟ್ಟೆಯಾಗುವ ದಾರಿಯಲ್ಲಿ ಏನೋ ತಡೆ ಬಿದ್ದಿರುತ್ತದೆ. ಅಂಥ ಮೀನನ್ನು ಮಾರುಕಟ್ಟೆಯಲ್ಲಿ ಇಟ್ಟರೆ ನಾವು ಒಳ್ಳೆಯ ಮೀನೆಂದೇ ಕೊಂಡು ಹೋಗುತ್ತೇವೆ. ಕೆನಡಾದಲ್ಲಿ, ತಿರುಳು ಕಾರ್ಖಾನೆಯ ನೀರು ಸೇರುವ ಸುಪೀರಿಯರ್ ಸರೋವರದ ಜ್ಯಾಕ್‌ಫಿಶ್ ಕೊಲ್ಲಿಯಲ್ಲಿ ವೈಟ್ ಸಕ್ಕರ್ ಎಂಬ ಮೀನಿನ ಮೇಲೆ 1980ರ ದಶಕದ ಕೊನೆಯಿಂದ ನಡೆದ ಅಧ್ಯಯನಗಳಲ್ಲಿ ತಡವಾಗಿ ಪ್ರೌಢವಾಗುವುದು, ಸಣ್ಣ ಜನನಾಂಗ, ರಕ್ತದಲ್ಲಿ ಕಡಿಮೆ ಲೈಂಗಿಕ ಹಾರ್ಮೋನು ಇವೆಲ್ಲ ದಾಖಲಾದವು. 1989ರಲ್ಲಿ ಅಲ್ಲಿ ಜೈವಿಕ ಸಂಸ್ಕರಣೆ ಆರಂಭವಾದ ಮೇಲೆ ನೀರಿನ ತೀವ್ರ ವಿಷತ್ವ ಇಳಿಯಿತು. ಮೀನಿನ ಒಳಗಿನ ಕೆಲವು ಬದಲಾವಣೆಗಳು ಆಮೇಲೂ ಉಳಿದವು. ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. ಅಮೆರಿಕದ ಫ್ಲಾರಿಡಾದಲ್ಲಿ ಕಾಗದ ಕಾರ್ಖಾನೆಯ ನೀರು ಹರಿಯುವ ತೊರೆಯ ಹೆಣ್ಣು ಗಂಬೂಸಿಯಾ ಮೀನುಗಳಲ್ಲಿ, ಗಂಡಿಗೆ ಮಾತ್ರ ಇರಬೇಕಾದ ಉದ್ದನೆಯ ಗುದ ಈಜುರೆಕ್ಕೆ ಬೆಳೆದಿರುವುದನ್ನು 1980ರಲ್ಲಿ ಪ್ರಕಟಿಸಿದರು. ಸೊಳ್ಳೆಯ ಮರಿ ತಿನ್ನಲೆಂದು ನಮ್ಮ ನಾಡಿನ ಕೆರೆ-ಬಾವಿಗಳಿಗೂ ಬಿಟ್ಟ ಮೀನು ಅದು. ಬರಿಯ ಭೂತಗನ್ನಡಿ ಇದ್ದರೆ ಸಾಕು, ಆ ಬದಲಾವಣೆಯನ್ನು ಶಾಲಾ ಮಕ್ಕಳೂ ಗುರುತಿಸಬಲ್ಲರು.

ಉಳ್ಳಾಲ ಅಳಿವೆ

ಮೇಲಿನವರು ಬರೆದದ್ದೆಲ್ಲ ಸಿಹಿನೀರಿನ ಲೆಕ್ಕ. ನಾವು ಬಲೆ ಬೀಸುವುದು ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಸಮುದ್ರ ಸೇರುವ ಕಡೆ. ಅಲ್ಲಿ ನೀರು ದಿನಕ್ಕೆ ಎರಡು ಸಲ ಮೇಲಕ್ಕೂ ಎರಡು ಸಲ ಕೆಳಕ್ಕೂ ಹೋಗುತ್ತದೆ. ಇಳಿತದಲ್ಲಿ ಹೋದ ಕೊಳೆ ಉಬ್ಬರದಲ್ಲಿ ಹಿಂದಕ್ಕೆ ಬರುತ್ತದೆ. ಹಾಗಿದ್ದಮೇಲೆ ಇದು ಮೇಲಿನ ಜಾಗ, ಇದು ಕೆಳಗಿನ ಜಾಗ ಎಂದು ಗೆರೆ ಎಳೆಯುವುದು ಹೇಗೆ? ಮೀನು ಒಂದೇ ಕಡೆ ನಿಲ್ಲುವುದೂ ಇಲ್ಲ. ಕಾಣೆ ಇವತ್ತು ಇಲ್ಲಿ ಸಿಕ್ಕಿದರೆ ನಾಳೆ ಎಲ್ಲಿರುತ್ತದೋ ಹೇಳಲಾಗದು. ಹೊಳೆಯಲ್ಲಿ ಮೀನು ಸತ್ತು ತೇಲಿದಾಗ ಸುದ್ದಿ ಮುಟ್ಟಿಸಿ, ನೀರು ಒಯ್ಯಲು ಜನ ಬರುವಷ್ಟರಲ್ಲಿ ಎರಡು ಮೂರು ಉಬ್ಬರಗಳು ಆಗಿಹೋಗಿರುತ್ತವೆ. ಆಮೇಲೆ ನೀರಿನಲ್ಲಿ ದೋಷವೇನೂ ಇಲ್ಲವೆಂಬ ವರದಿ ಬಂದರೆ ಯಾರಿಗೂ ಆಶ್ಚರ್ಯವಾಗದು. ಇನ್ನೊಂದು ಸಂಗತಿ: ಮೀನು ಸಾಯುವುದಕ್ಕಿಂತ ಎಷ್ಟೋ ಮೊದಲು ಅದರ ಮಾಂಸದಲ್ಲಿ ಕೆಟ್ಟ ವಾಸನೆ ಹಿಡಿಯುತ್ತದೆ. ಬೇಯಿಸುವ ಹೆಂಗಸರು ಅದನ್ನು ಮೊದಲು ಹೇಳುತ್ತಾರೆ. ಅದಕ್ಕೆ ನಿಮ್ಮ ಪರೀಕ್ಷೆಯಲ್ಲಿ ಜಾಗವಿದೆಯೇ?

ಎಕ್ಕೂರಿನ ಹಳೆ ವಿದ್ಯಾರ್ಥಿ

ಇದೆ, ಇರಲೇಬೇಕು. ಕೆನಡಾದ ಕ್ರಮದಲ್ಲಿ ಮೀನಿನ ರುಚಿ-ವಾಸನೆ ಕೆಟ್ಟಿರುವುದನ್ನೂ ಒಂದು ಪರಿಣಾಮವೆಂದೇ ಎಣಿಸುತ್ತಾರೆ. ಎರಡು ಜಾಗದ ಮೀನನ್ನು ಒಂದೇ ರೀತಿ ಬೇಯಿಸಿ, ಯಾವುದು ಎಲ್ಲಿಯದೆಂದು ಹೇಳದೆ ಹಲವರಿಗೆ ಕೊಟ್ಟು, ವ್ಯತ್ಯಾಸ ಗುರುತಿಸುತ್ತಾರೆಯೇ ಎಂದು ನೋಡುವುದು ಇದರ ವಿಧಾನ. ನಿಮ್ಮ ಮನೆಯ ಹೆಂಗಸರ ಮಾತಿಗೆ ತೂಕ ಕೊಡಬೇಕಾದರೆ ಅದನ್ನು ದಿನಾಂಕ, ಜಾಗ, ಮೀನಿನ ಹೆಸರು ಸಹಿತ ಅಂದೇ ಬರೆದಿಡುವ ಪುಸ್ತಕವೊಂದು ಇರಬೇಕು.

ಅಳಿವೆಯ ಪ್ರಶ್ನೆ ನಿಜಕ್ಕೂ ಕಠಿಣ. ಅಲ್ಲಿ ಒಂದು ಹೋಲಿಕೆಯ ಜಾಗ ಸಾಲದು. ಪಕ್ಕದ, ಅಂಥದೇ ಉಪ್ಪಿನಂಶವಿರುವ ಬೇರೆ ಅಳಿವೆಗಳನ್ನೂ ಸೇರಿಸಬೇಕು. ನಮ್ಮ ಕರಾವಳಿಯಲ್ಲಿ ಸ್ವರ್ಣಾ-ಸೀತಾ ಕೂಡುವ ಕೋಡಿಬೆಂಗ್ರೆಯೂ, ಶಾಂಭವಿ-ನಂದಿನಿಯರ ಮೂಲ್ಕಿಯೂ, ಉದ್ಯಾವರ ಹೊಳೆಯೂ ಹತ್ತಿರಹತ್ತಿರವೇ ಇರುವುದು ಇದಕ್ಕೆ ಅನುಕೂಲ. ಓಡಾಡುವ ಮೀನಿನ ಬದಲು ಕದಲದ ಜೀವಿಯನ್ನು ಹಿಡಿದರೆ ಇನ್ನೂ ಒಳ್ಳೆಯದು. ಪಚ್ಚಿಲೆಯನ್ನೋ ಮರುವಾಯಿಯನ್ನೋ ಶುದ್ಧ ಜಾಗದಿಂದ ತಂದು, ಉದ್ದ ಅಳೆದು, ಬಲೆಯ ಗೂಡುಗಳಲ್ಲಿ ತುಂಬಿ, ತ್ಯಾಜ್ಯದ ಹತ್ತಿರ, ದೂರ ಮತ್ತು ತ್ಯಾಜ್ಯ ತಲುಪದ ಕಡೆ ತೂಗುಹಾಕಿ ಎರಡು ಮೂರು ತಿಂಗಳ ಬಳಿಕ ಬೆಳವಣಿಗೆ, ಸಾವು, ಮಾಂಸದ ತೂಕ ನೋಡಬಹುದು. ಮೀನು ಹಿಡಿಯಲಾಗದ ಕಡೆ ಕೆನಡಾದವರೂ ಗೂಡಿನ ಚಿಪ್ಪುಜೀವಿಗಳನ್ನು ಬಳಸುತ್ತಾರೆ. ಮಳೆಗಾಲದಲ್ಲಿ ಮಾತ್ರ ಇದು ಆಗದು. ಹೊಳೆ ಸಿಹಿಯಾದಾಗ ಪಚ್ಚಿಲೆ ತಾನಾಗಿಯೇ ಸಾಯುತ್ತದೆ, ತಪ್ಪು ಕಾರ್ಖಾನೆಯ ಮೇಲೆ ಬೀಳುತ್ತದೆ.

ಬೈಕಂಪಾಡಿ ಪ್ರಯೋಗಾಲಯ

ನೀರಿನ ಪರೀಕ್ಷೆ ಮಾಡುವವನಾಗಿ ನಾನೊಂದು ಮಾತು ಸೇರಿಸುತ್ತೇನೆ. ಕಾಗದ ಕಾರ್ಖಾನೆ ದೇಶದ 17 ಅತಿ ಮಾಲಿನ್ಯಕಾರಕ ಉದ್ಯಮ ವರ್ಗಗಳಲ್ಲಿ ಒಂದು, ಹಾಗಾಗಿ 2014ರಲ್ಲಿ ಕೇಂದ್ರ ಮಂಡಳಿ ಕೊಟ್ಟ ನಿರ್ದೇಶನದಂತೆ ಈ ವರ್ಗದವರು ನಿರಂತರ ಆನ್‌ಲೈನ್ ಮಾಪನ ಅಳವಡಿಸಬೇಕು. ಆ ಉಪಕರಣವು ಹೊರಬಿಡುವ ಕೊಳವೆಯ ಬಾಯಲ್ಲಿ ನಿಂತಿರುತ್ತದೆ, ಹೊಳೆಯಲ್ಲಿ ಅಲ್ಲ. ಹೊಳೆಯಲ್ಲಿ ನೋಡಬೇಕಾದದ್ದು ಕರಗಿದ ಆಮ್ಲಜನಕ, ಅದೂ ಬೆಳಗಿನ ಜಾವದಲ್ಲಿ. ಹಗಲಿಡೀ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಎಲ್ಲರೂ ಅದನ್ನು ಬಳಸುತ್ತಾರೆ; ಸೂರ್ಯ ಹುಟ್ಟುವ ಮೊದಲಿನ ಅಂಕಿಯೇ ಮೀನಿನ ಕಷ್ಟವನ್ನು ಹೇಳುವುದು. ಮಧ್ಯಾಹ್ನ ಹನ್ನೆರಡಕ್ಕೆ ತೆಗೆದ ಮಾದರಿಯಿಂದ ಹೊಳೆ ಚೆನ್ನಾಗಿದೆ ಎಂದು ಬರೆಯುವುದು ಸಲ್ಲದು. ನಮ್ಮ ದೇಶದ ವರ್ಗೀಕರಣದಲ್ಲಿ ಮೀನುಗಾರಿಕೆಗೆ ತಕ್ಕ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆ ಆಮ್ಲಜನಕ ಇರಬಾರದು. 15 ಡಿಗ್ರಿಯ ತಣ್ಣೀರು ಸುಮಾರು 10 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, ನಮ್ಮ ಏಪ್ರಿಲ್ ತಿಂಗಳ 30 ಡಿಗ್ರಿಯ ಸಿಹಿನೀರು ಹಿಡಿಯುವುದು ಸುಮಾರು 7.5 ಮಾತ್ರ, ಉಪ್ಪುನೀರಾದರೆ ಇನ್ನೂ ಕಡಿಮೆ. ಶೀತದೇಶದ ಹೊಳೆಗೆ ಇರುವ ಅವಕಾಶ ನಮ್ಮ ಹೊಳೆಗೆ ಇಲ್ಲ ಎಂಬುದನ್ನು ಅನುಮತಿ ಕೊಡುವವರು ನೆನಪಿನಲ್ಲಿಡಬೇಕು.

ಕಾರ್ಕಳದ ಅಧ್ಯಾಪಕಿ

ಅಷ್ಟೊಂದು ಮೀನುಗಳನ್ನು ಕೊಂದು ಸೀಳುವುದು ನನಗೆ ಒಪ್ಪಿತವಾಗುತ್ತಿಲ್ಲ. ಶಿಶಿಲದ ಮತ್ಸ್ಯತೀರ್ಥದಲ್ಲಿ ದೇವರ ಮೀನಿಗೆ ಅಕ್ಕಿ ಹಾಕಿ ಕೈಮುಗಿಯುವ ಸೀಮೆ ನಮ್ಮದು. ಮಕ್ಕಳನ್ನು ಕರೆದುಕೊಂಡು ಹೋಗಿ ಮಾಡಬಹುದಾದ, ಮೀನು ಕೊಲ್ಲದ ವಿಧಾನ ಯಾವುದಾದರೂ ಇದ್ದರೆ ತಿಳಿಸಿ.

ಎಕ್ಕೂರಿನ ಹಳೆ ವಿದ್ಯಾರ್ಥಿ

ನಿಮ್ಮ ಸಂಕೋಚ ಸಹಜ, ನಾನೂ ಅದನ್ನು ಗೌರವಿಸುತ್ತೇನೆ. ಮೀನು ಹಿಡಿದು ಉದ್ದ-ತೂಕ ನೋಡಿ, ಹುಣ್ಣು ಅಥವಾ ಬೆನ್ನೆಲುಬಿನ ಸೊಟ್ಟು ಇದೆಯೇ ಎಂದು ಗಮನಿಸಿ ಮತ್ತೆ ನೀರಿಗೆ ಬಿಡುವುದರಿಂದಲೂ ಬಹಳ ತಿಳಿಯುತ್ತದೆ. ಆದರೆ ನಿಮ್ಮ ಮಕ್ಕಳಿಗೆ ಅತ್ಯುತ್ತಮವಾದದ್ದು ತಳದ ಹುಳುಗಳ ಅಧ್ಯಯನ. ಮೇಲ್ಭಾಗದ ಕಲ್ಲುಹೊಳೆಯಲ್ಲಿ ಬಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕೈಯಿಂದ ಉಜ್ಜಿ, ಬಲೆಗೆ ಬಂದದ್ದನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು ಬಿಳಿ ತಟ್ಟೆಗೆ ಸುರಿದರೆ ಒಂದು ಲೋಕವೇ ಕಾಣಿಸುತ್ತದೆ. ಮೂರು ಬಾಲದೆಳೆಗಳ ಮೇಫ್ಲೈ ಮರಿ ತಟ್ಟೆಯ ಅಂಚಿಗೆ ಓಡುತ್ತದೆ. ಕ್ಯಾಡಿಸ್‌ಫ್ಲೈ ಮರಿ ಮರಳಿನ ಕಣಗಳನ್ನು ಅಂಟಿಸಿ ಮಾಡಿಕೊಂಡ ಕೊಳವೆಯೊಳಗಿಂದ ತಲೆ ಮಾತ್ರ ಹೊರಹಾಕುತ್ತದೆ. ಇವುಗಳಿಗೂ ಸ್ಟೋನ್‌ಫ್ಲೈ ಮರಿಗಳಿಗೂ ಆಮ್ಲಜನಕ ತುಂಬಿದ, ನಾರು-ಕೆಸರು ಮುಚ್ಚದ ತಳ ಬೇಕು. ಕಾಗದದ ಸಣ್ಣ ನಾರು ಕಲ್ಲುಗಳ ಸಂದಿನಲ್ಲಿ ಕಂಬಳಿಯಂತೆ ಹಾಸಿಕೊಂಡರೆ ಅವು ಮೊದಲು ಮಾಯವಾಗುತ್ತವೆ. ಆ ಜಾಗದಲ್ಲಿ ಉಳಿಯುವುದು ಕೈರೊನೊಮಿಡ್ ಎಂಬ ರಕ್ತಗೆಂಪು ಮರಿಗಳು ಮತ್ತು ಟ್ಯೂಬಿಫೆಕ್ಸ್ ಹುಳುಗಳು. ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಾದರೂ ಅವು ಬದುಕಬಲ್ಲವು. ಪ್ರತಿ ಜಾಗದಲ್ಲಿ ಒಂದೇ ಮಾದರಿ ತೆಗೆದು ತೀರ್ಮಾನಿಸಬಾರದು, ಐದಾದರೂ ಬೇಕು. ಎಷ್ಟು ಹುಳು ಎನ್ನುವುದಕ್ಕಿಂತ ಎಷ್ಟು ಬಗೆ ಎಂಬುದರ ಮೇಲೆ ಕಣ್ಣಿಡಿ. ಕೊಳೆನೀರಿನಲ್ಲಿ ಸಂಖ್ಯೆ ಕೆಲವೊಮ್ಮೆ ಏರುತ್ತದೆ.

ಸ್ವರ್ಣಾ ತೀರ

ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಘಟಕ ಬರುವ ಮೊದಲೇ ಎರಡು ವರ್ಷಗಳ ದಾಖಲೆ ನಮ್ಮ ಕೈಯಲ್ಲಿದ್ದರೆ, ಭದ್ರೆಯ ಗೆಳೆಯರು ಹೇಳಿದ ತೊಡಕು ನಮಗೆ ಬಹಳಷ್ಟು ಕಡಿಮೆಯಾಗುತ್ತದೆ ಎಂದು ತಿಳಿದುಕೊಂಡಿದ್ದೇನೆ. ಕಾಲವನ್ನು ಹೇಗೆ ಆರಿಸಬೇಕು? ನಮ್ಮ ಹೊಳೆಗೆ ಕಿಂಡಿ ಅಣೆಕಟ್ಟುಗಳಿವೆ, ಮಳೆ ಹೋದ ಮೇಲೆ ಹಲಗೆ ಹಾಕುತ್ತಾರೆ.

ಎಕ್ಕೂರಿನ ಹಳೆ ವಿದ್ಯಾರ್ಥಿ

ಹಲಗೆ ಹಾಕಿದ ಮೇಲೆ ಹೊಳೆ ಅಲ್ಲಲ್ಲಿ ಕೆರೆಯಾಗುತ್ತದೆ, ತಳದ ಜೀವಿಗಳೂ ಬದಲಾಗುತ್ತವೆ. ನಿಮ್ಮ ಹೋಲಿಕೆಯ ಜಾಗ ಹರಿಯುವ ನೀರಿನಲ್ಲಿದ್ದು, ತ್ಯಾಜ್ಯದ ಜಾಗ ಅಣೆಕಟ್ಟಿನ ಹಿನ್ನೀರಿನಲ್ಲಿದ್ದರೆ ಕಂಡ ವ್ಯತ್ಯಾಸವೆಲ್ಲ ಹಲಗೆಯದೇ ಆಗಬಹುದು. ಎರಡೂ ಒಂದೇ ಬಗೆಯ ನೀರಿನಲ್ಲಿರಲಿ. ಕಾಗದ ಕಾರ್ಖಾನೆ ಇರುವ ದಾಂಡೇಲಿಯ ಕಾಳಿ ನದಿಯಲ್ಲೂ ಇದೇ ಎಚ್ಚರ ಬೇಕಾಗುತ್ತದೆ. ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಒಂದು ಹರಿವು, ಬಿಡದಿದ್ದಾಗ ಇನ್ನೊಂದು.

ತಳದ ಹುಳುಗಳಿಗೆ ಡಿಸೆಂಬರ್‌ನಿಂದ ಫೆಬ್ರವರಿಯ ಕಾಲ ಒಳ್ಳೆಯದು. ಮಳೆಗಾಲದ ಪ್ರವಾಹ ತಳವನ್ನು ಕೆರೆದು ಒಯ್ದ ಮೇಲೆ ಅವು ಮತ್ತೆ ನೆಲೆಗೊಂಡಿರುತ್ತವೆ. ಮೀನಿನ ಅಂಡಾಶಯ ನೋಡಬೇಕಾದರೆ ಏಪ್ರಿಲ್-ಮೇ ಬಿಟ್ಟರೆ ಬೇರೆ ಕಾಲವಿಲ್ಲ. ನಮ್ಮ ಸಿಹಿನೀರಿನ ಅನೇಕ ಮೀನುಗಳು ಮೊದಲ ಮಳೆಯ ಹೊಸ ನೀರಿಗೆ ಹತ್ತಿ ಮೊಟ್ಟೆಯಿಡುತ್ತವೆ, ಅದಕ್ಕೆ ಮುಂಚಿನ ತಿಂಗಳುಗಳಲ್ಲೇ ಅಂಡಾಶಯ ತುಂಬಿಕೊಳ್ಳುವುದು. ಹೊಳೆ ತೀರಾ ಸೊರಗಿ ತ್ಯಾಜ್ಯವನ್ನು ತೆಳುಗೊಳಿಸಲು ನೀರೇ ಇಲ್ಲದ ತಿಂಗಳುಗಳೂ ಅವೇ. ಜೀವಿಗೆ ಅತಿ ಸೂಕ್ಷ್ಮವಾದ ಹೊತ್ತೂ ಹೊಳೆಗೆ ಅತಿ ಬಡತನದ ಹೊತ್ತೂ ನಮ್ಮ ಕರಾವಳಿಯಲ್ಲಿ ಒಂದಾಗಿ ಬರುತ್ತವೆ. ವರ್ಷದ ಸರಾಸರಿ ಹರಿವಿನ ಲೆಕ್ಕ ತೋರಿಸಿ ತ್ಯಾಜ್ಯ ಚೆನ್ನಾಗಿ ತೆಳುವಾಗುತ್ತದೆ ಎನ್ನುವ ವರದಿಯನ್ನು ಈ ಕಾರಣಕ್ಕೇ ಒಪ್ಪಬೇಡಿ. ಮೇ ತಿಂಗಳ ಹರಿವಿನಲ್ಲಿ ಲೆಕ್ಕ ಮಾಡಿ ತೋರಿಸಿ ಎಂದು ಲಿಖಿತವಾಗಿ ಕೇಳಿ.

ಕಾರ್ಕಳದ ಅಧ್ಯಾಪಕಿ

ನಮ್ಮ ಶಾಲೆಯ ಪರಿಸರ ಸಂಘದ ಮಕ್ಕಳು ಡಿಸೆಂಬರ್‌ನಲ್ಲಿ ಬರಲು ಸಿದ್ಧರಿದ್ದಾರೆ. ಹುಳುಗಳನ್ನು ಗುರುತಿಸಲು ನಮಗೆ ಅಂದೇ ಸಾಧ್ಯವಾಗದಿದ್ದರೆ ಮಾದರಿಯನ್ನು ಉಳಿಸಿಡುವುದು ಹೇಗೆ?

ಎಕ್ಕೂರಿನ ಹಳೆ ವಿದ್ಯಾರ್ಥಿ

ಮಕ್ಕಳ ಕೈಗೆ ಫಾರ್ಮಲಿನ್ ಕೊಡಬೇಡಿ, ಶೇ. 70ರ ಆಲ್ಕೊಹಾಲ್ ಸಾಕು. ಬಾಟಲಿಯ ಹೊರಗೆ ಅಂಟಿಸಿದ ಚೀಟಿಯ ಶಾಯಿಯನ್ನು ಆಲ್ಕೊಹಾಲ್ ಅಳಿಸಿಬಿಡುತ್ತದೆ. ಹೊಳೆಯ ಹೆಸರು, ಜಾಗ, ದಿನಾಂಕ, ಮಾದರಿಯ ಸಂಖ್ಯೆಯನ್ನು ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಮೊದಲ ಮಾದರಿಗಳನ್ನು ಗುರುತಿಸುವ ದಿನ ನಾನು ಕಾರ್ಕಳಕ್ಕೆ ಬರುತ್ತೇನೆ.